ಲಂಕೆಗೆ ಮೊದಲ ಸಲ



ಅರವತ್ತೈದು ದಾಟಿದ ಮೈಸೂರಿಗರಲ್ಲಿ ಬಹಳ ಮಂದಿ ಶ್ರೀಲಂಕೆಯನ್ನು ಮೊದಲು ಕಂಡದ್ದು ಕಿವಿಯಿಂದ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊದ ಮುಳ್ಳನ್ನು ಶಾರ್ಟ್‌ವೇವಿಗೆ ತಿರುಗಿಸಿದರೆ ಸಾಕು, ಕರಕರ ಸದ್ದಿನ ನಡುವೆ ಅಮೀನ್ ಸಯಾನಿಯವರ ದನಿ, ಬಿನಾಕಾ ಗೀತ್‌ಮಾಲಾ. 1952ರಲ್ಲಿ ಶುರುವಾದ ಆ ಕಾರ್ಯಕ್ರಮ ಬರುತ್ತಿದ್ದದ್ದು ರೇಡಿಯೊ ಸಿಲೋನಿನಿಂದ. ನಮ್ಮ ಆಕಾಶವಾಣಿ ಆಗ ಸಿನಿಮಾ ಹಾಡಿಗೆ ಮುಖ ತಿರುಗಿಸಿ ಕೂತಿತ್ತು. 1957ರಲ್ಲಿ ವಿವಿಧ ಭಾರತಿ ಬರುವವರೆಗೆ ಹಾಡು ಬೇಕಾದವರು ಸಮುದ್ರದ ಆಚೆಗೇ ಕಿವಿಗೊಡಬೇಕಿತ್ತು. ಕೊಲಂಬೊದಲ್ಲಿ ಬಾನುಲಿ ಶುರುವಾದದ್ದು 1925ರ ಡಿಸೆಂಬರಿನಲ್ಲಿ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಆರಂಭಿಸಿದ್ದು 1935ರಲ್ಲಿ. ಹೆಸರು ಕೊಟ್ಟವರು ನಾವು, ಹಾಡು ಕೇಳಿಸಿದವರು ಅವರು ಎಂದು ಲೆಕ್ಕ ಚುಕ್ತಾ ಮಾಡಿಕೊಳ್ಳೋಣ.

ಈಗ ಆ ದ್ವೀಪಕ್ಕೆ ಮೊದಲ ಸಲ ಹೊರಡುವವರಿಗಾಗಿ ನಾಲ್ಕು ಮಾತು. ನಮ್ಮೂರಿನ ಎಷ್ಟೋ ಸಂಸಾರಗಳಿಗೆ ಶ್ರೀಲಂಕೆಯೇ ಮೊದಲ ವಿದೇಶ. ಹತ್ತಿರ, ಖರ್ಚು ಕಡಿಮೆ, ಗಡಿಯಾರ ತಿರುಗಿಸಬೇಕಾಗಿಲ್ಲ, ವಾಹನಗಳೂ ನಮ್ಮ ಹಾಗೆ ಎಡಕ್ಕೇ ಓಡುತ್ತವೆ. ಹಾಗಿದ್ದೂ ಹೋಗುವ ವಿಚಾರ ಎತ್ತಿದರೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಕೇಳುವುದು ಒಂದೇ: “ಅಲ್ಲ ಮೇಷ್ಟ್ರೇ, ದುಡ್ಡು ಖರ್ಚು ಮಾಡ್ಕೊಂಡು ಲಂಕೆಗ್ಯಾಕೆ? ಅಲ್ಲಿರೋದೂ ಅದೇ ತೆಂಗಿನ ಮರ, ಅದೇ ಆನೆ, ಅದೇ ದೇವಸ್ಥಾನ. ಹೆಚ್ಚಿಗೆ ಅಂದ್ರೆ ರಾವಣನ ಗುಹೆ.”

ಮೊದಲ ತೊಡಕು ಇಲ್ಲೇ ಇರುವುದು. ಬಾಲಿಗೋ ಮಾರಿಷಸ್ಸಿಗೋ ಹೊರಟವರು ಗೊತ್ತಿಲ್ಲದ ಊರಿಗೆ ಹೊರಟೆವೆಂದು ಒಂದಿಷ್ಟು ಓದಿಕೊಂಡು ಹೋಗುತ್ತಾರೆ. ಲಂಕೆಗೆ ಹೊರಟವರು ಏನೂ ಓದುವುದಿಲ್ಲ, ಯಾಕೆಂದರೆ ಲಂಕೆ ನಮಗೆ ಹುಟ್ಟಿದಾಗಿನಿಂದ ಗೊತ್ತು. ಅಜ್ಜಿ ಹೇಳಿದ ಲಂಕೆ, ಹರಿಕಥೆಯ ಲಂಕೆ, ನಾಗಚಂದ್ರ ರಾವಣನನ್ನು ದುರಂತ ನಾಯಕನಾಗಿ ನಿಲ್ಲಿಸಿದ ಲಂಕೆ. ಕುವೆಂಪು ಅವರ ರಾಮಾಯಣ ದರ್ಶನದ ಲಂಕೆಯಂತೂ ನಮ್ಮೂರಿನ ಕವಿಯೇ ಕಂಡದ್ದು. ಇಷ್ಟು ಲಂಕೆಗಳನ್ನು ತಲೆಯಲ್ಲಿ ಹೊತ್ತು ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಎದುರಿಗಿರುವ ಶ್ರೀಲಂಕಾ ಕಾಣಿಸುವುದೇ ಕಷ್ಟ. ನನ್ನನ್ನು ಕೇಳಿದರೆ, ಮೊದಲ ಪ್ರವಾಸದ ಸಿದ್ಧತೆಯ ಮುಕ್ಕಾಲು ಪಾಲು ಅವರ ಕಥೆಯನ್ನು ಅವರ ಬಾಯಿಂದಲೇ ಒಂದಿಷ್ಟು ಕೇಳಿಕೊಳ್ಳುವುದು. ವೀಸಾ, ಹೋಟೆಲು, ಟಿಕೆಟ್ಟು ಉಳಿದ ಕಾಲು ಪಾಲು.

ಅವರ ಕಥೆ ಸಿಗುವುದು ಮಹಾವಂಶದಲ್ಲಿ. ಪಾಳಿ ಭಾಷೆಯ ಈ ರಾಜವಂಶಾವಳಿ ಅನುರಾಧಪುರದ ಭಿಕ್ಷುಗಳು ಬರೆದಿಟ್ಟದ್ದು. ವಿಲ್ಹೆಲ್ಮ್ ಗೈಗರ್ 1912ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಈಗಲೂ ಸುಲಭವಾಗಿ ಸಿಗುತ್ತದೆ. ಅದರಲ್ಲಿ ದ್ವೀಪದ ಕಥೆ ಶುರುವಾಗುವುದು ಬುದ್ಧನ ಭೇಟಿಗಳಿಂದ. ಆಮೇಲೆ ಹಡಗಿನಲ್ಲಿ ಬಂದಿಳಿದ ವಿಜಯ ಎಂಬ ರಾಜಕುಮಾರ, ಅವನು ಕೈಹಿಡಿದು ಆಮೇಲೆ ಕೈಬಿಟ್ಟ ಕುವೇಣಿ ಎಂಬ ಯಕ್ಷಿಣಿ. ನಂತರ ಅಶೋಕನ ಮಗ ಮಹಿಂದ ಮಿಹಿಂತಲೆಯ ಬೆಟ್ಟದಲ್ಲಿ ರಾಜ ದೇವಾನಂಪಿಯ ತಿಸ್ಸನನ್ನು ಕಾಣುತ್ತಾನೆ. ಅಶೋಕನ ಮಗಳು ಸಂಘಮಿತ್ತೆ ಬೋಧಿವೃಕ್ಷದ ಕೊಂಬೆ ತರುತ್ತಾಳೆ. ಕ್ರಿ.ಪೂ. 3ನೇ ಶತಮಾನದಲ್ಲಿ ನೆಟ್ಟ ಆ ಮರ ಅನುರಾಧಪುರದಲ್ಲಿ ಇವತ್ತಿಗೂ ಪೂಜೆಗೊಳ್ಳುತ್ತಿದೆ.

ಇದರಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ. ಬಂಡೆಗಳ ಮೇಲೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ಬರೆಸಿದ ರಾಜ ಯಾರೆಂದು ಪಂಡಿತರು ತಲೆ ಕೆಡಿಸಿಕೊಂಡಿದ್ದ ಕಾಲ. ಸಿಲೋನಿನಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ 1837ರಲ್ಲಿ ಅಲ್ಲಿನ ಪಾಳಿ ಗ್ರಂಥಗಳನ್ನು ನೋಡಿ, ಅವನು ಅಶೋಕನೇ ಎಂದ. ಕಲ್ಲಿನ ಮೇಲೆ ಅಶೋಕ ಎಂಬ ಹೆಸರೇ ಇರುವ ಶಾಸನ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಲಂಕೆಯ ಓಲೆಗರಿ ಹೇಳಿದ ಮಾತಿಗೆ ಕನ್ನಡ ನಾಡಿನ ಬಂಡೆ ಸಾಕ್ಷಿ ನುಡಿಯಿತು.

ಮಹಾವಂಶದ ಮುಂದುವರಿಕೆಯಾದ ಚೂಳವಂಶದಲ್ಲಿ ನಾವು ಇನ್ನೂ ನೇರವಾಗಿ ಕಾಣಿಸಿಕೊಳ್ಳುತ್ತೇವೆ, ಅಷ್ಟೇನೂ ಹೆಮ್ಮೆಪಡುವ ರೀತಿಯಲ್ಲಲ್ಲ. ಹತ್ತನೆಯ ಶತಮಾನದ ಕೊನೆಗೆ ಐದನೆಯ ಮಹಿಂದ ಎಂಬ ದುರ್ಬಲ ರಾಜ ಕೂಲಿ ಸೈನಿಕರಿಗೆ ಸಂಬಳ ಕೊಡಲಾರದೆ ಓಡಿಹೋದ. ಆಗ ಅನುರಾಧಪುರದಲ್ಲಿ ದರ್ಬಾರು ನಡೆಸಿದವರಲ್ಲಿ ಕೇರಳದವರ ಜೊತೆಗೆ ‘ಕನ್ನಾಟ’ರೂ ಇದ್ದರಂತೆ. ಮುಂದೆ ಚೋಳರನ್ನು ಓಡಿಸಿ ದ್ವೀಪವನ್ನು ಒಂದುಗೂಡಿಸಿದ ಮೊದಲನೆಯ ವಿಜಯಬಾಹುವಿಗೆ ಕನ್ನಾಟದ ರಾಜ ಕಾಣಿಕೆ ಕಳಿಸಿದ. ಇವನು ನಮ್ಮ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಮರುಕಾಣಿಕೆಯೊಡನೆ ಹೊರಟ ಸಿಂಹಳದ ದೂತರು ಚೋಳರ ಸೀಮೆ ದಾಟುವಾಗ ಸಿಕ್ಕಿಬಿದ್ದು ಕಿವಿ ಮೂಗು ಕೊಯ್ಯಿಸಿಕೊಂಡರು. ಶತ್ರುವಿನ ಶತ್ರು ಮಿತ್ರ ಎಂಬ ರಾಜನೀತಿಗೆ ಬಡ ದೂತರು ತೆತ್ತ ಬೆಲೆ. ಕಲ್ಯಾಣದಿಂದ ವಿಜಯಬಾಹುವಿನ ಪೊಲೊನ್ನರುವಕ್ಕೆ ಅಂಚೆ ಹೀಗಿತ್ತು ಆಗ.

ಈಗ ಹಾದಿ ಸಲೀಸು. ಪಾಸ್‌ಪೋರ್ಟ್ ಇಲ್ಲದವರು ಇದ್ದರೆ ಒಂದು ಮಾತು: ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಶುರುವಾದ ಎರಡು ಊರುಗಳಲ್ಲಿ ನಮ್ಮದೊಂದು, ಗುಜರಾತಿನ ದಾಹೋದ್ ಇನ್ನೊಂದು. ಅದಕ್ಕಾಗಿ ಬೆಂಗಳೂರಿಗೆ ಅಲೆಯುವ ಕಾಲ ಹೋಯಿತು. ಇದ್ದವರು ಅವಧಿ ನೋಡಿಕೊಳ್ಳಿ, ಪ್ರಯಾಣದ ದಿನದಿಂದ ಆರು ತಿಂಗಳಾದರೂ ಬಾಕಿ ಇರಬೇಕು. ಪ್ರವೇಶಕ್ಕೆ ಮುಂಚಿತವಾಗಿ ಅಂತರ್ಜಾಲದಲ್ಲಿ ಇಟಿಎ ಎಂಬ ಅನುಮತಿ ಪಡೆಯಬೇಕು. ಅದರ ಶುಲ್ಕದ ನಿಯಮ ಈಚಿನ ವರ್ಷಗಳಲ್ಲಿ ಪದೇಪದೇ ಬದಲಾಗಿದೆ. ಆದ್ದರಿಂದ ಹೋದ ವರ್ಷ ಹೋಗಿಬಂದ ಭಾವಮೈದುನನ ಮಾತನ್ನು ನಂಬದೆ ಶ್ರೀಲಂಕಾ ಸರ್ಕಾರದ ಜಾಲತಾಣವನ್ನೇ ನೋಡಿ. ಅದೇ ವೇಷ ಹಾಕಿದ ಖಾಸಗಿ ತಾಣಗಳೂ ಇವೆ, ಎಚ್ಚರ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ, ಒಂದೂವರೆ ಗಂಟೆಯ ಹಾದಿ. ಮೈಸೂರಿನಿಂದ ದೇವನಹಳ್ಳಿಯ ನಿಲ್ದಾಣ ಮುಟ್ಟುವುದಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕೆನ್ನುವುದು ನಮ್ಮ ಹಣೆಬರಹ. ಫ್ಲೈಬಸ್ಸಿನಲ್ಲಿ ನಿದ್ದೆ ಮಾಡಿಕೊಳ್ಳಿ. ಸಮುದ್ರದ ಮೇಲೇ ಹೋಗಬೇಕೆಂಬ ಆಸೆಯಿದ್ದವರಿಗೆ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸನ್‌ತುರೈಗೆ ಹಡಗಿದೆ. 2023ರ ಅಕ್ಟೋಬರಿನಲ್ಲಿ ಶುರುವಾಗಿ, ನಿಂತು, 2024ರ ಆಗಸ್ಟಿನಲ್ಲಿ ಮತ್ತೆ ಹೊರಟಿತು. ಮೈಸೂರಿನಿಂದ ತಂಜಾವೂರು, ಕುಂಭಕೋಣದ ಮೇಲೆ ಮಯಿಲಾಡುತುರೈ ಕಡೆಗೆ ಹೋಗುವ ರೈಲು ಹಿಡಿದರೆ ಬಂದರು ಅಲ್ಲಿಂದ ದೂರವಲ್ಲ. ಆದರೆ ಕಡಲು ಕೆರಳಿದರೆ ಹಡಗು ಹೊರಡುವುದಿಲ್ಲ. ರಜೆ ಎಣಿಸಿಕೊಂಡು ಹೋಗುವವರು ಇದನ್ನು ಎರಡನೆಯ ಪ್ರವಾಸಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಹಿಂದಿನವರು ಧನುಷ್ಕೋಟಿಗೆ ರೈಲಿನಲ್ಲಿ ಹೋಗಿ ಅಲ್ಲಿಂದ ತಲೈಮನ್ನಾರಿಗೆ ಹಡಗು ಹತ್ತುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ಕೊಚ್ಚಿಕೊಂಡು ಹೋದಮೇಲೆ ಆ ದಾರಿ ಮುಚ್ಚಿತು.

ಯಾವಾಗ ಹೋಗುವುದು? ನಾವು ಶಾಲೆಯ ರಜೆ ನೋಡಿ ದಿನ ಗೊತ್ತುಮಾಡುತ್ತೇವೆ. ದ್ವೀಪ ಮಾತ್ರ ಮಳೆ ನೋಡಿ ನಡೆಯುತ್ತದೆ. ಕರ್ನಾಟಕದ ಮೂರನೆಯ ಒಂದು ಪಾಲಿನಷ್ಟಿರುವ ಈ ನೆಲಕ್ಕೆ ಎರಡು ಮುಂಗಾರು ಅನ್ನಬೇಕು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಾರುತ ಕೊಲಂಬೊ, ಗಾಲ್, ಬೆಟ್ಟದ ಸೀಮೆಯನ್ನು ತೋಯಿಸುತ್ತದೆ. ಆಗ ಟ್ರಿಂಕೊಮಲಿಯ ಪೂರ್ವ ಕರಾವಳಿಯಲ್ಲಿ ಬಿಸಿಲು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯದ ಮಾರುತ ಉತ್ತರ, ಪೂರ್ವಗಳಿಗೆ ಮಳೆ ತರುತ್ತದೆ. ನಡುವೆ ಅಕ್ಟೋಬರ್, ನವೆಂಬರಿನಲ್ಲಿ ಎಲ್ಲ ಕಡೆಯೂ ಗುಡುಗು, ಮಳೆ, ಒಮ್ಮೊಮ್ಮೆ ಚಂಡಮಾರುತ. 2025ರ ನವೆಂಬರ್ ಕೊನೆಯಲ್ಲಿ ಬಂದ ಡಿಟ್ವಾ ಚಂಡಮಾರುತ ನೂರಾರು ಜನರನ್ನು ಬಲಿ ತೆಗೆದುಕೊಂಡಿತು, ಬೆಟ್ಟದ ರೈಲು ಹಳಿಗಳನ್ನೂ ಕಿತ್ತಿತು. ಆ ರೈಲನ್ನು ನಂಬಿ ಹೊರಡುವವರು ಯಾವ ಭಾಗ ಓಡುತ್ತಿದೆಯೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ದಸರೆಯ ರಜೆಗೆ ಲಂಕೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವವರಿಗೆ ನನ್ನ ಸಲಹೆ, ಬೇಡ. ದಸರೆಯಲ್ಲಿ ಮೈಸೂರಿಗರು ಮೈಸೂರಿನಲ್ಲೇ ಇರಬೇಕು, ಅದು ಬೇರೆ ಮಾತು. ಮೊದಲ ಸಲಕ್ಕೆ ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಚೆನ್ನ.

ಏಪ್ರಿಲಿನಲ್ಲೇ ಮಕ್ಕಳಿಗೆ ರಜೆ, ಏನು ಮಾಡೋಣ ಎನ್ನುತ್ತೀರಿ. ಹೋಗಬಹುದು, ಆದರೆ 13, 14ನೇ ತಾರೀಕು ಅಲ್ಲಿ ಸಿಂಹಳ ಮತ್ತು ತಮಿಳರ ಹೊಸವರ್ಷ. ಸೂರ್ಯ ಮೇಷಕ್ಕೆ ಕಾಲಿಡುವ ಹೊತ್ತಿನ ಆಚೀಚೆ ಕೆಲವು ಗಂಟೆ ಯಾವ ಕೆಲಸವನ್ನೂ ಮಾಡುವಂತಿಲ್ಲ, ಒಲೆಯನ್ನೂ ಹಚ್ಚುವಂತಿಲ್ಲ. ಮತ್ತೆ ಒಲೆ ಹೊತ್ತಿಸುವುದು, ಮೊದಲ ತುತ್ತು ತಿನ್ನುವುದು, ತಲೆಗೆ ಎಣ್ಣೆ ಇಡುವುದು, ಎಲ್ಲಕ್ಕೂ ಜೋಯಿಸರು ಇಟ್ಟುಕೊಟ್ಟ ಮುಹೂರ್ತ, ಇಡೀ ದೇಶಕ್ಕೆ ಒಂದೇ. ಕೊಲಂಬೊ ಖಾಲಿಯಾಗಿ ಎಲ್ಲರೂ ಹಳ್ಳಿ ಸೇರುತ್ತಾರೆ; ಅಂಗಡಿ ಮುಚ್ಚಿರುತ್ತದೆ, ರೈಲು ತುಂಬಿರುತ್ತದೆ. ಹಾಗೆಯೇ ಪ್ರತಿ ಹುಣ್ಣಿಮೆಯೂ ‘ಪೋಯ’, ಸರ್ಕಾರಿ ರಜೆ. ಅಂದು ಮದ್ಯ ಮಾರುವುದಿಲ್ಲ, ಮಾಂಸದಂಗಡಿ ತೆರೆಯುವುದಿಲ್ಲ. ಊರಿಗೆ ಊರೇ ಬಿಳಿ ಬಟ್ಟೆ ತೊಟ್ಟು ವಿಹಾರಗಳಿಗೆ ನಡೆಯುತ್ತದೆ. ನಮ್ಮ ಟೂರಿನವರು ಪೋಯ ದಿನವನ್ನು ನಷ್ಟದ ಖಾತೆಗೆ ಬರೆಯುತ್ತಾರೆ. ನಾನಾದರೆ ಒಂದು ಪೋಯ ಸಿಗುವ ಹಾಗೆಯೇ ದಿನ ಗೊತ್ತುಮಾಡಿ, ಅವತ್ತು ಅನುರಾಧಪುರದಲ್ಲಿರುವಂತೆ ನೋಡಿಕೊಳ್ಳುತ್ತೇನೆ.

ಎಂಟು ದಿನದಲ್ಲಿ ಇಡೀ ದ್ವೀಪ ಎಂಬ ಪಟ್ಟಿ ಕೊಡುವವರಿಗೆ ಕೊರತೆಯಿಲ್ಲ. ಭೂಪಟದಲ್ಲಿ ಹತ್ತಿರ ಕಂಡದ್ದು ರಸ್ತೆಯಲ್ಲಿ ಹತ್ತಿರವಲ್ಲ: ಕೊಲಂಬೊದಿಂದ ಕ್ಯಾಂಡಿ ಸುಮಾರು 115 ಕಿಲೋಮೀಟರ್, ಮೂರು ಗಂಟೆಗೆ ಮುಟ್ಟಿದರೆ ಪುಣ್ಯ. ಮೊದಲ ಸಲಕ್ಕೆ ನಡುದ್ವೀಪ ಸಾಕು. ವಿಮಾನ ನಿಲ್ದಾಣ ಕೊಲಂಬೊದ ಹೊರಗೆ ಉತ್ತರಕ್ಕಿದೆ. ನಗರಕ್ಕೆ ಹೋಗದೆ ನೇರ ಕುರುಣೆಗಲದ ಮೇಲೆ ದಂಬುಲ್ಲಕ್ಕೆ ಹೋಗಿ ಅಲ್ಲಿ ಬಿಡಾರ ಹೂಡಿ. ಅಲ್ಲಿಂದ ಅನುರಾಧಪುರ, ಸಿಗಿರಿಯ, ಪೊಲೊನ್ನರುವ ಒಂದೊಂದಕ್ಕೂ ಹೋಗಿಬರಬಹುದು. ಆಮೇಲೆ ಕ್ಯಾಂಡಿ. ಸಮಯವಿದ್ದರೆ ಟೀ ತೋಟದ ಬೆಟ್ಟಗಳು. ಗಾಲ್ ಕೋಟೆ, ದಕ್ಷಿಣದ ಕಡಲತೀರ, ಜಾಫ್ನಾ, ಇವೆಲ್ಲ ಬಿಟ್ಟುಬಿಡಿ. ನೋವಾಗುತ್ತದೆ, ಗೊತ್ತು.

ಈ ನಡುಸೀಮೆಯಲ್ಲಿ ಎಲ್ಲರೂ ಸ್ತೂಪ ನೋಡುತ್ತಾರೆ, ಸಿಗಿರಿಯದ ಗೋಡೆಯ ಮೇಲಿನ ಹೆಂಗಸರ ಚಿತ್ರ ನೋಡುತ್ತಾರೆ. ಕೆರೆಯ ನಾಡಿನವರಾದ ನಾವು ನೀರನ್ನು ನೋಡಬೇಕು. ಮಳೆ ಕಡಿಮೆಯ ಆ ಬಯಲಿನಲ್ಲಿ ದೊಡ್ಡ ನಗರಗಳು ಶತಮಾನಗಳ ಕಾಲ ಬಾಳಿದ್ದು ಕೆರೆಗಳಿಂದ. ಐದನೆಯ ಶತಮಾನದಲ್ಲಿ ಧಾತುಸೇನ ಎಂಬ ರಾಜ ಕಲಾ ವೆವ ಎಂಬ ಕೆರೆ ಕಟ್ಟಿಸಿದ. ಅದರಿಂದ ಅನುರಾಧಪುರಕ್ಕೆ ನೀರು ಒಯ್ಯುವ ಜಯಗಂಗೆ ಎಂಬ ಕಾಲುವೆ 87 ಕಿಲೋಮೀಟರ್ ಉದ್ದ; ಮೊದಲ ಹದಿನೇಳು ಮೈಲಿಯಲ್ಲಿ ಅದರ ಇಳಿಜಾರು ಮೈಲಿಗೆ ಆರೇ ಅಂಗುಲ. ಯಾವ ಉಪಕರಣ ಹಿಡಿದು ಇದನ್ನು ಅಳೆದರೋ! ವಿಶ್ವೇಶ್ವರಯ್ಯನವರ ಊರಿನವರೆಂದು ಬೀಗುವ ನಾವು ಆ ಏರಿಯ ಮೇಲೆ ನಿಂತು ಟೋಪಿ ತೆಗೆಯಬೇಕು. ದೊಡ್ಡ ಕೆರೆಯ ನೀರು ಏರಿಯನ್ನು ಕೊರೆಯದಂತೆ ತಡೆದು ಬಿಡಲು ಅವರು ಏರಿಯೊಳಗೆ ಕಟ್ಟುತ್ತಿದ್ದ ಚೌಕಾಕಾರದ ಕಲ್ಲಿನ ಬಾವಿಗೆ ಬಿಸೊಕೊಟುವ ಎಂದು ಹೆಸರು; ನಮ್ಮ ಕೆರೆಗಳ ತೂಬನ್ನು ಬಲ್ಲವರಿಗೆ ಅದರ ಕೆಲಸ ಕೂಡಲೇ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಪರಾಕ್ರಮಬಾಹು ಪೊಲೊನ್ನರುವದಲ್ಲಿ ಮಾಡಿಸಿದ ಕೆರೆಯನ್ನಂತೂ ಸಮುದ್ರವೆಂದೇ ಕರೆದರು. ಸಂಜೆ ಅದರ ಏರಿಯ ಮೇಲೆ ನಡೆದಾಡಲು ಟಿಕೆಟ್ ಬೇಡ.

ಧಾತುಸೇನನ ಕೊನೆ ಕ್ರೂರವಾದದ್ದು. ಮಗ ಕಾಶ್ಯಪ ತಂದೆಯನ್ನು ಸೆರೆಹಿಡಿದು, ಬಚ್ಚಿಟ್ಟ ಐಶ್ವರ್ಯ ತೋರಿಸು ಎಂದು ಪೀಡಿಸಿದ. ಮುದುಕ ಅವನ ಆಳುಗಳನ್ನು ಕಲಾ ವೆವಕ್ಕೆ ಕರೆದೊಯ್ದ, ಕೆರೆಗಿಳಿದು ಬೊಗಸೆಯಲ್ಲಿ ನೀರೆತ್ತಿ, ನನ್ನ ಆಸ್ತಿ ಇಷ್ಟೇ ಎಂದ. ಮಗ ತಂದೆಯನ್ನು ಗೋಡೆಯಲ್ಲಿಟ್ಟು ಮುಚ್ಚಿಸಿ ಕೊಂದ. ಆ ಮೇಲೆ ತಮ್ಮ ಮೊಗ್ಗಲ್ಲಾನನ ಭಯಕ್ಕೆ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡು 495ರವರೆಗೆ ಆಳಿದ. ಆ ಬಂಡೆಯೇ ಸಿಗಿರಿಯ. ಪಾಪಿಷ್ಠನಾದರೂ ಅಭಿರುಚಿಯಿದ್ದವನು ಎಂದು ಒಪ್ಪಬೇಕಾಗುತ್ತದೆ. ಮೆಟ್ಟಿಲು ಸುಮಾರು ಸಾವಿರದ ಇನ್ನೂರು. ಹೊರಡುವ ಮೊದಲು ಕೆಲವು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಮಂಡಿಯ ಪರೀಕ್ಷೆ ಮಾಡಿಕೊಳ್ಳಿ. ನಂದಿಯ ಹತ್ತಿರವೇ ಕೂತುಬಿಡುವವರು ಸಿಗಿರಿಯದ ಬುಡದ ತೋಟ, ಕೊಳಗಳನ್ನು ನೋಡಿ ತೃಪ್ತಿಪಡಬಹುದು, ಅವೂ ಕಡಿಮೆಯಿಲ್ಲ. ಮೇಲೆ ಹೋಗುವ ದಾರಿಯಲ್ಲಿ ನುಣುಪಾದ ಗೋಡೆಯೊಂದಿದೆ. ಸಾವಿರ ವರ್ಷಕ್ಕೂ ಹಿಂದೆ ಬಂದ ಪ್ರವಾಸಿಗಳು ಆ ಚಿತ್ರದ ಹೆಂಗಸರನ್ನು ಕುರಿತು ಅದರ ಮೇಲೆ ಪದ್ಯ ಗೀಚಿದ್ದಾರೆ. ಸೆನರತ್ ಪರಣವಿತಾನ ಎಂಬ ವಿದ್ವಾಂಸರು ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಗೋಡೆ ಕಂಡರೆ ಹೆಸರು ಕೆತ್ತುವ ಚಾಳಿ ಹಳೆಯದು. ಆದರೆ ಅವರು ಛಂದಸ್ಸು ಬಲ್ಲವರಾಗಿದ್ದರು!

ಕ್ಯಾಂಡಿಗೆ ಬಂದಾಗ ಮೈಸೂರಿಗರ ಕಿವಿ ನೆಟ್ಟಗಾಗುತ್ತದೆ. ರಾಜಧಾನಿಯಾಗಿದ್ದ ಊರು, ನಡುವೆ ಕೆರೆ, ಸುತ್ತ ಬೆಟ್ಟ, ವರ್ಷಕ್ಕೊಮ್ಮೆ ಆನೆಯ ಮೆರವಣಿಗೆ. ಜುಲೈ–ಆಗಸ್ಟಿನಲ್ಲಿ ಹತ್ತು ರಾತ್ರಿ ನಡೆಯುವ ಎಸಳ ಪೆರಹೆರದಲ್ಲಿ ಬುದ್ಧನ ದಂತಧಾತುವಿನ ಸಂಕೇತವಾದ ಕರಂಡಕವನ್ನು ಹೊತ್ತ ಸಲಗ, ಹಾಸಿದ ಬಿಳಿ ಬಟ್ಟೆಯ ಮೇಲೆ ಹೆಜ್ಜೆಯಿಡುತ್ತದೆ. ಮುಂದೆ ಕೊಬ್ಬರಿ ಉರಿಯುವ ಪಂಜುಗಳು, ಚಾಟಿ ಬೀಸುವವರು, ಕ್ಯಾಂಡಿಯ ನರ್ತಕರು. ಹಿಂದೆ ನಾಥ, ವಿಷ್ಣು, ಕತರಗಾಮ, ಪತ್ತಿನಿ ಈ ನಾಲ್ಕು ದೇವಾಲಯಗಳ ಮೆರವಣಿಗೆ. ಕತರಗಾಮ ಎಂದರೆ ನಮ್ಮ ಸ್ಕಂದ. ಪತ್ತಿನಿ ತಮಿಳರ ಕಣ್ಣಗಿ. ಹಿಂದೆ ಇದು ಈ ದೇವರುಗಳದ್ದೇ ಉತ್ಸವವಾಗಿತ್ತು. ಅದಕ್ಕೆ ದಂತಧಾತುವನ್ನು ಸೇರಿಸಿದವನು 18ನೇ ಶತಮಾನದ ಕೀರ್ತಿ ಶ್ರೀ ರಾಜಸಿಂಹ, ಸಯಾಮಿನಿಂದ ಬಂದ ಭಿಕ್ಷುಗಳ ಮಾತಿನ ಮೇಲೆ. ವಿಶೇಷವೆಂದರೆ ಆ ರಾಜ ಸಿಂಹಳದವನಲ್ಲ, ಮಧುರೆಯ ಕಡೆಯ ನಾಯಕರ ವಂಶದವನು. ಹೊರಗಿನಿಂದ ಬಂದ ದೊರೆ ಊರಿನ ಹಬ್ಬವನ್ನು ಊರವರಿಗಿಂತ ಚೆನ್ನಾಗಿ ಕಟ್ಟಿದ.

ನಮ್ಮ ಜಂಬೂಸವಾರಿ ಹಗಲಿನದು, ಪೆರಹೆರ ರಾತ್ರಿಯದು. ನಮ್ಮ ಅಂಬಾರಿ 750 ಕಿಲೋ ತೂಕ; ಅವರ ಸಲಗದ ಬೆನ್ನಿನ ಹೊರೆ ಹಗುರ, ಮರ್ಯಾದೆ ಅಷ್ಟೇ ಭಾರ. ಅಂಬಾರಿ ಹೊತ್ತ ದ್ರೋಣ, ಬಲರಾಮ, ಅರ್ಜುನರನ್ನು ಮನೆಮಕ್ಕಳಂತೆ ನೆನೆಯುವ ನಮಗೆ ಕ್ಯಾಂಡಿಯಲ್ಲಿ ತಪ್ಪದೆ ನೋಡಬೇಕಾದ ಒಬ್ಬನಿದ್ದಾನೆ, ರಾಜಾ. ದಶಕಗಳ ಕಾಲ ಕರಂಡಕ ಹೊತ್ತು 1988ರಲ್ಲಿ ಸತ್ತ ಆ ಆನೆಯ ದೇಹವನ್ನು ಕೆಡದಂತೆ ಕಾಪಿಟ್ಟು ದಂತಮಂದಿರದ ಆವರಣದಲ್ಲಿ ಇರಿಸಿದ್ದಾರೆ. ಪೆರಹೆರಕ್ಕೇ ಹೋಗುವ ಆಸೆಯಿದ್ದರೆ ತಿಂಗಳುಗಟ್ಟಲೆ ಮೊದಲು ಕೋಣೆ ಹಿಡಿಯಬೇಕು, ಬಾಡಿಗೆ ಎಷ್ಟೋ ಪಟ್ಟು ಏರಿರುತ್ತದೆ. ಮೊದಲ ಐದು ರಾತ್ರಿಯ ಕುಂಬಲ್ ಪೆರಹೆರಕ್ಕೆ ನೂಕುನುಗ್ಗಲು ಕಡಿಮೆ, ವೈಭವವೂ ಕಡಿಮೆ; ಮಕ್ಕಳು, ಮುದುಕರು ಇದ್ದವರಿಗೆ ಅದೇ ವಾಸಿ. ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತ ಅನುಭವವಿದ್ದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಕ್ಯಾಂಡಿಯ ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹನನ್ನು ಇಂಗ್ಲಿಷರು 1815ರಲ್ಲಿ ಹಿಡಿದು ಸಮುದ್ರ ದಾಟಿಸಿ ವೆಲ್ಲೂರು ಕೋಟೆಯಲ್ಲಿಟ್ಟರು. 1832ರಲ್ಲಿ ಅವನು ತೀರಿಕೊಂಡದ್ದೂ ಅಲ್ಲೇ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇರಿಸಿದ್ದದ್ದೂ ಅದೇ ಕೋಟೆ. 1806ರ ಸಿಪಾಯಿ ದಂಗೆಯ ನಂತರ ಅವರನ್ನು ಕಲ್ಕತ್ತೆಗೆ ಸಾಗಿಸಿದ್ದರು. ಇನ್ನೊಂದು ಕೊಂಡಿ ಇಲ್ಲೇ ಹತ್ತಿರದಲ್ಲಿದೆ. ಡಿ ಮ್ಯೂರಾನ್ ಎಂಬ ಸ್ವಿಸ್ ಕೂಲಿ ಪಡೆ ಡಚ್ಚರ ಸಂಬಳ ತಿನ್ನುತ್ತ ಸಿಲೋನನ್ನು ಕಾಯುತ್ತಿತ್ತು. 1795ರಲ್ಲಿ ಆ ಇಡೀ ಪಡೆ ಇಂಗ್ಲಿಷರ ಸಂಬಳಕ್ಕೆ ಸೇರಿತು. ದ್ವೀಪ ಇಂಗ್ಲಿಷರ ಪಾಲಾಗುವುದಕ್ಕೆ ಅದೂ ಒಂದು ಕಾರಣ. ಅದೇ ಪಡೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು. ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಅವರ ಗೋರಿಗಳಿವೆ. ಲಂಕೆಯ ಚರಿತ್ರೆಗೆ ಅಷ್ಟು ಹತ್ತಿರದ ಬಾಗಿಲು ಇರುವಾಗ, ಹೊರಡುವ ಮೊದಲು ಒಂದು ಬೆಳಗ್ಗೆ ಅಲ್ಲಿ ಸುತ್ತಿ ಬನ್ನಿ. ನಾವು ಸಾವಿರ ಸಲ ಹೋಗಿಬಂದಿರುವ ಶ್ರೀರಂಗಪಟ್ಟಣವೂ ದ್ವೀಪವೇ ತಾನೆ.

ರಾಮಾಯಣದ ಜಾಗಗಳ ಮಾತು. ನುವರ ಎಲಿಯ ಹತ್ತಿರ ಸೀತಾ ಎಲಿಯದಲ್ಲಿ ದೇವಸ್ಥಾನವಿದೆ, ‘ಎಲ್ಲ’ ಎಂಬ ಊರಿನ ಹತ್ತಿರ ರಾವಣನ ಹೆಸರಿನ ಜಲಪಾತವಿದೆ. ದಾರಿಯಲ್ಲಿ ಸಿಕ್ಕರೆ ಕೈಮುಗಿದು ಬನ್ನಿ. ಅದಕ್ಕೆಂದೇ ಕಟ್ಟಿದ ರಾಮಾಯಣ ಯಾತ್ರೆಯ ಪ್ಯಾಕೇಜುಗಳು ಈಚಿನ ದಶಕಗಳ ಪ್ರವಾಸೋದ್ಯಮದ ಬೆಳೆ. ಅದರಲ್ಲಿ ಹೋದರೆ ಕಿಟಕಿಯಾಚೆ ಎರಡು ಸಾವಿರ ವರ್ಷದ ಬೌದ್ಧ ನಾಡೊಂದು ನೋಡದೆಯೇ ಹಿಂದೆ ಸರಿಯುತ್ತದೆ. ಟೀ ತೋಟದಲ್ಲಿ ಎಲೆ ಕೊಯ್ಯುವ ಹೆಂಗಸರನ್ನು ಚಿತ್ರ ತೆಗೆಯುವವರಿಗೂ ಒಂದು ಮಾತು: ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳು ನಾಡಿನಿಂದ ಕರೆತಂದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. ಸ್ವಾತಂತ್ರ್ಯ ಬಂದ ಮೇಲೆ ಪೌರತ್ವವನ್ನೇ ಕಳೆದುಕೊಂಡು ದಶಕಗಳ ಕಾಲ ಯಾವ ದೇಶಕ್ಕೂ ಸೇರದೆ ಇದ್ದವರು. ಮೊದಲು ಮಾತನಾಡಿಸಿ, ಕೇಳಿ, ಆಮೇಲೆ ಕ್ಯಾಮೆರಾ. 1983ರಿಂದ 2009ರವರೆಗಿನ ಅಂತರ್ಯುದ್ಧದ ವಿಷಯ ಅಲ್ಲಿನವರು ತಾವಾಗಿ ಎತ್ತಿದರೆ ಕೇಳಿಸಿಕೊಳ್ಳಿ. ನಮ್ಮ ತೀರ್ಪು ಅಲ್ಲಿ ಯಾರಿಗೂ ಬೇಕಾಗಿಲ್ಲ.

ನಡವಳಿಕೆಯಲ್ಲಿ ನಾವು ಎಡವುವುದು ಗುಡಿಗಳಲ್ಲಿ. ಗುಡಿಯ ರೀತಿ ಗೊತ್ತೆಂಬ ಧೈರ್ಯ ನಮಗೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು, ಬಿಳಿಯಾದರೆ ಇನ್ನೂ ಒಳ್ಳೆಯದು. ಚಪ್ಪಲಿಯ ಜೊತೆಗೆ ಟೋಪಿಯನ್ನೂ ತೆಗೆಯಬೇಕು. ಮಧ್ಯಾಹ್ನದ ಕಲ್ಲುಹಾಸು ಕಾದ ಹಂಚು. ಒಂದು ಜೊತೆ ಕಾಲುಚೀಲ ಇಟ್ಟುಕೊಂಡಿರಿ. ಎಲ್ಲಕ್ಕಿಂತ ಮುಖ್ಯ, ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳಬೇಡಿ. ಅದು ಅಲ್ಲಿ ಅಪಚಾರ, ಪೊಲೀಸರವರೆಗೂ ಹೋಗುವಂಥದ್ದು. ಬಸ್ಸಿನ ಮುಂದಿನ ಸೀಟು ಭಿಕ್ಷುಗಳದ್ದು, ಖಾಲಿಯಿದೆಯೆಂದು ಕೂರಬೇಡಿ.

ಊಟದ ವಿಷಯಕ್ಕೆ ನಮ್ಮವರಲ್ಲಿ ಸಸ್ಯಾಹಾರಿಗಳು ಅರ್ಧ ಸೂಟ್‌ಕೇಸು ಅವಲಕ್ಕಿ, ಚಟ್ನಿಪುಡಿ ತುಂಬಿಕೊಳ್ಳುತ್ತಾರೆ. ಅಷ್ಟು ಬೇಡ. ಅನ್ನ, ಬೇಳೆಯ ಪರಿಪ್ಪು, ಎಳೆ ಹಲಸಿನ ಪಲ್ಯ, ತೆಂಗಿನ ಹಾಲಿನ ಸಾಗು, ಅಪ್ಪ, ಒತ್ತುಶಾವಿಗೆ ಎಲ್ಲೆಡೆ ಸಿಗುತ್ತವೆ. ಕುಡಿಕೆಯ ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ಕೊಡುತ್ತಾರೆ, ಅದು ನಮ್ಮ ಮಲೆನಾಡಿನ ಬಗನಿ ಮರದ್ದೇ. ತೊಡಕಿರುವುದು ಒಂದೇ ಕಡೆ: ಉಂಬಲಕಡ, ಅಂದರೆ ಒಣಗಿಸಿದ ಮೀನಿನ ಚೂರು. ತರಕಾರಿ ಪಲ್ಯಕ್ಕೂ ತೆಂಗಿನಕಾಯಿಯ ಸಂಬೋಲಕ್ಕೂ ನಾವು ಇಂಗು ಹಾಕುವಷ್ಟು ಸಹಜವಾಗಿ ಅದನ್ನು ಹಾಕುತ್ತಾರೆ. ‘ವೆಜಿಟೇರಿಯನ್’ ಎಂದರೆ ಅದು ಬಿಡುವುದೆಂದು ಅಡುಗೆಯವರಿಗೆ ಹೊಳೆಯದಿರಬಹುದು. ‘ಉಂಬಲಕಡ ಎಪಾ’, ಬೇಡ ಎಂದು ಹೆಸರು ಹಿಡಿದೇ ಹೇಳಿ.

ದುಡ್ಡು. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕೂ ಹೆಚ್ಚು ರೂಪಾಯಿ. ಮೊದಲ ದಿನ ಚಹಾದ ಬೆಲೆ ಕೇಳಿ ಎದೆ ಧಸಕ್ಕೆಂದರೆ ಭಾಗಿಸಿ ನೋಡಿ. ನಮ್ಮ ಯುಪಿಐ 2024ರ ಫೆಬ್ರವರಿಯಿಂದ ಅಲ್ಲಿಯೂ ನಡೆಯುತ್ತದೆ, ಆದರೆ ಹಳ್ಳಿಯ ಅಂಗಡಿಗೆ ನೋಟೇ ಬೇಕು. ಸ್ಮಾರಕಗಳ ಟಿಕೆಟ್ ವಿದೇಶಿಯರಿಗೆ ದುಬಾರಿ. ಸಾರ್ಕ್ ದೇಶಗಳವರಿಗೆ ರಿಯಾಯಿತಿಯಿದೆ, ಪಾಸ್‌ಪೋರ್ಟ್ ಕೈಯಲ್ಲಿರಲಿ. 2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತ ಜನ ಲಂಕೆಯವರು. ಆಟೊದವನ ಹತ್ತಿರ ಚೌಕಾಸಿ ಮಾಡಿ, ದೇವರಾಜ ಮಾರುಕಟ್ಟೆಯಲ್ಲಿ ಮಾಡುವಷ್ಟು ಬೇಡ.

ಕೊನೆಯ ರಾತ್ರಿ ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲಿ ಉಳಿಯಿರಿ. ಕ್ಯಾಂಡಿಯಿಂದ ಅಂದೇ ಹೊರಟು ವಿಮಾನ ಹಿಡಿಯುವ ಸಾಹಸ ಬೇಡ. ಹಳೆಯ ವಿಗ್ರಹ, ಓಲೆಗರಿ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಪರವಾನಗಿಯಿಲ್ಲದೆ ಅವನ್ನು ದೇಶದಾಚೆ ಸಾಗಿಸುವಂತಿಲ್ಲ. ಮನೆಗೆ ತರುವುದಾದರೆ ಟೀಪುಡಿಯ ಜೊತೆಗೆ ಚಕ್ಕೆ ತನ್ನಿ. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಬೇರೆ ಜಾತಿಯ ಮರದ್ದು. ಅಲ್ಲಿನದು ಕಾಗದದಷ್ಟು ತೆಳು, ಸುರುಳಿಯೊಳಗೆ ಸುರುಳಿ, ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಘಾಟು ಕಡಿಮೆ, ಬಿಸಿಬೇಳೆಬಾತಿನ ಪುಡಿಗೆ ಹಾಕುವಾಗ ಅಳತೆ ಸ್ವಲ್ಪ ಹೆಚ್ಚಿಸಿಕೊಳ್ಳಬೇಕಾಗುತ್ತದೆ.